ಕಡಲ್ಕೊರೆತ: ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿಯಿತೆಂದರೆ ಉಳ್ಳಾಲದಿಂದ ಕಾರವಾರದವರೆಗೆ ಯಾವುದಾದರೂ ಊರಿನಿಂದ ಕಡಲ್ಕೊರೆತದ ಸುದ್ದಿ ಬಂದೇ ಬರುತ್ತದೆ. ತೆಂಗಿನ ಮರ ಬಿತ್ತು, ರಸ್ತೆ ಕುಸಿಯಿತು, ಮನೆ ಖಾಲಿ ಮಾಡಿಸಿದರು. ಮಂತ್ರಿಗಳು ಬರುತ್ತಾರೆ, ಲಾರಿಗಳು ಬರುತ್ತವೆ, ಕಲ್ಲು ಬೀಳುತ್ತದೆ. ಮಳೆ ನಿಂತ ಮೇಲೆ ಮಾತೂ ನಿಲ್ಲುತ್ತದೆ. ದಡದಲ್ಲಿ ಮನೆ ಇರುವವರು, ತೋಟ ಇರುವವರು, ಜಾಗ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಮಳೆಗಾಲದಲ್ಲಿ ಕಡಲು ಮುಂದೆ ಬರುವುದು ಮೊದಲಿಂದಲೂ ಇದ್ದದ್ದೇ ಅಲ್ವಾ?

ಹೌದು, ಇದ್ದದ್ದೇ. ಮುಂಗಾರಿನ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ, ನೀರೊಳಗೆ ದಿಬ್ಬವಾಗಿ ಹಾಕುತ್ತವೆ. ಆ ದಿಬ್ಬಕ್ಕೆ ಬಡಿದು ಮುಂದಿನ ಅಲೆಗಳ ಜೋರು ಕಮ್ಮಿಯಾಗುತ್ತದೆ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನವಾಗಿ ದಡಕ್ಕೆ ತಂದು ಹಾಕುತ್ತವೆ. ಜುಲೈಯಲ್ಲಿ ಕಾಣೆಯಾದ ದಡ ಜನವರಿಯಲ್ಲಿ ಮತ್ತೆ ಅಗಲವಾಗಿ ಕಾಣುವುದು ಇದರಿಂದಲೇ.

ಹೋದ ಮರಳು ವಾಪಸ್ ಬರದಿದ್ದಾಗ ಮಾತ್ರ ಚಿಂತೆ ಮಾಡಬೇಕು. ಪ್ರತಿ ಬೇಸಿಗೆಯಲ್ಲೂ ದಡ ಹಿಂದಿನ ಬೇಸಿಗೆಗಿಂತ ಕಿರಿದಾಗುತ್ತಿದ್ದರೆ ಅದು ನಿಜವಾದ ಕೊರೆತ. ಹಾಗಾಗಿ ಜುಲೈಯ ಒಂದು ಫೋಟೋ ನೋಡಿ ತೀರ್ಮಾನ ಮಾಡಬಾರದು. ಫೆಬ್ರವರಿಯ ದಡವನ್ನು ಹಿಂದಿನ ವರ್ಷದ ಫೆಬ್ರವರಿಯ ದಡದ ಜೊತೆ ಹೋಲಿಸಿ ನೋಡಬೇಕು.

ನಮ್ಮ ಕರಾವಳಿಯಲ್ಲಿ ಎಷ್ಟು ಭಾಗ ಹೀಗೆ ಕೊರೆದು ಹೋಗುತ್ತಿದೆ?

ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ದೇಶದ ದಡವನ್ನೆಲ್ಲ ಅಳೆದಿದೆ. ಇಡೀ ದೇಶದಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಸುಮಾರು 24%. ಅರ್ಧದಷ್ಟು ದಡ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಉಳಿದ ಕಡೆ ಮರಳು ತುಂಬಿ ದಡ ಬೆಳೆದಿದೆ.

ಆದರೆ ರಾಜ್ಯದ ಸರಾಸರಿ ನೋಡಿ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ದಕ್ಷಿಣ ಕನ್ನಡದ ದಡ 40 ಕಿಲೋಮೀಟರ್ ಕೂಡ ಇಲ್ಲ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕೊರೆಯುತ್ತಿದೆ. ಉತ್ತರ ಕನ್ನಡದಲ್ಲಿ ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ. ನಡುನಡುವೆ ಕಲ್ಲಿನ ಮೂತಿಗಳಿವೆ. ಅಲ್ಲಿ ಒಟ್ಟಾರೆ ಕೊರೆತ ಕಮ್ಮಿ. ಕಮ್ಮಿ ಅಂದ ಮಾತ್ರಕ್ಕೆ ಮನೆ ಕಳೆದುಕೊಂಡವರಿಗೆ ಏನೂ ಸಮಾಧಾನ ಇಲ್ಲ, ಬಿಡಿ.

ಕಾರಣ ಏನು? ಸಮುದ್ರ ಏರುತ್ತಿರುವುದಾ?

ಅದೂ ಒಂದು ಕಾರಣ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದೀಚೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರುತ್ತಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಕೇಳಲು ಸಣ್ಣದು. ಆದರೆ ದಡ ಚಪ್ಪಟೆಯಾಗಿದ್ದಲ್ಲಿ ನೀರು ಸ್ವಲ್ಪ ಏರಿದರೂ ಅಲೆ ಎಷ್ಟೋ ಮುಂದಕ್ಕೆ ಬರುತ್ತದೆ. ಅರಬ್ಬಿ ಸಮುದ್ರದ ಚಂಡಮಾರುತಗಳೂ ಬಲವಾಗುತ್ತಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡಕ್ಕೆ ಅಪ್ಪಳಿಸಲೇ ಇಲ್ಲ, ದೂರದಿಂದ ಹಾದು ಗುಜರಾತಿಗೆ ಹೋಯಿತು. ಹಾಗಿದ್ದೂ ಉಳ್ಳಾಲ, ಕಾಪು, ಮರವಂತೆ ಕಡೆಗಳಲ್ಲಿ ದಡ ಕಿತ್ತು ಹೋಯಿತು.

ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮ ದಡದ ಮರಳಿನಲ್ಲಿ ದೊಡ್ಡ ಪಾಲು ಬರುವುದು ಘಟ್ಟದಿಂದ, ನದಿಗಳ ಮೂಲಕ. ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಸಾಲು ಅಣೆಕಟ್ಟು ಕಟ್ಟಿದ್ದೇವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಮರಳು ಆ ಜಲಾಶಯಗಳ ತಳದಲ್ಲೇ ಉಳಿಯುತ್ತದೆ. ಕೆಳಗೆ ಇಳಿದು ಬಂದಷ್ಟನ್ನು ಅಳಿವೆ (ನದಿ ಕಡಲಿಗೆ ಸೇರುವ ಜಾಗ) ಸೇರುವ ಮುಂಚೆಯೇ ದೋಣಿ ತುಂಬಿ ಎತ್ತುತ್ತೇವೆ. ಹೀಗಾದರೆ ದಡಕ್ಕೆ ಹೊಸ ಮರಳು ಎಲ್ಲಿಂದ ಬರಬೇಕು? ಕೊರೆತದ ಚರ್ಚೆ ಯಾವಾಗಲೂ ಕಡಲ ಕಡೆ ಮುಖ ಮಾಡಿಯೇ ನಡೆಯುತ್ತದೆ. ನದಿಯ ಕಡೆ ತಿರುಗಿ ನೋಡುವವರು ಕಡಿಮೆ ಎನ್ನುವುದು ನನ್ನ ದೊಡ್ಡ ಬೇಸರ.

ಅಳಿವೆಗೆ ಬ್ರೇಕ್‌ವಾಟರ್ ಕಟ್ಟಿದರೆ ಪಕ್ಕದ ಊರಿಗೆ ಯಾಕೆ ತೊಂದರೆ?

ಬ್ರೇಕ್‌ವಾಟರ್ ಎಂದರೆ ಅಳಿವೆಯ ಬಾಯಿಂದ ಕಡಲೊಳಗೆ ಚಾಚಿ ಕಟ್ಟುವ ಕಲ್ಲಿನ ಗೋಡೆ. ಅಲೆಗಳು ದಡಕ್ಕೆ ನೇರವಾಗಿ ಬಡಿಯುವುದು ಅಪರೂಪ. ಓರೆಯಾಗಿ ಬರುತ್ತವೆ. ಹಾಗೆ ಬರುವಾಗ ಮರಳನ್ನು ದಡದ ಉದ್ದಕ್ಕೆ ತಳ್ಳಿಕೊಂಡು ಹೋಗುತ್ತವೆ. ಅಂದರೆ ದಡದಲ್ಲಿ ಮರಳು ನಿಂತಿಲ್ಲ, ಸದಾ ಹರಿಯುತ್ತಿದೆ. ಮೇಲಿನ ಗದ್ದೆಯವರು ತೋಡಿಗೆ ಕಟ್ಟ ಹಾಕಿದರೆ ಕೆಳಗಿನ ಗದ್ದೆ ಒಣಗುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಬ್ರೇಕ್‌ವಾಟರಿನ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಅಳಿವೆ ಇದಕ್ಕೆ ಕಣ್ಣ ಮುಂದಿನ ಉದಾಹರಣೆ. ಉತ್ತರಕ್ಕೆ ಬೆಂಗ್ರೆಯ ಬದಿ ಮರಳು ಸೇರಿದೆ. ದಕ್ಷಿಣಕ್ಕೆ ಕೋಟೆಪುರ, ಮುಕ್ಕಚ್ಚೇರಿ, ಉಳ್ಳಾಲ ದಶಕಗಳಿಂದ ದಡ ಕಳೆದುಕೊಳ್ಳುತ್ತಾ ಬಂದಿವೆ. ಮೀನುಗಾರರ ದೋಣಿಗಳು ಸುರಕ್ಷಿತವಾಗಿ ಒಳಗೆ ಬರಲು ಬ್ರೇಕ್‌ವಾಟರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ಜೀವ ಹೋದ ಮನೆಗಳನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಕಟ್ಟುವಾಗಲೇ ತಡೆದ ಮರಳನ್ನು ಆಚೆ ಬದಿಗೆ ದಾಟಿಸುವ ವ್ಯವಸ್ಥೆಯೂ ಯೋಜನೆಯಲ್ಲಿ ಇರಬೇಕು. ಹೂಳೆತ್ತಿದ ಮರಳನ್ನು ದೂರದ ಆಳಕ್ಕೆ ಸುರಿಯುವ ಬದಲು ಕೊರೆಯುತ್ತಿರುವ ದಡಕ್ಕೆ ಹಾಕಬೇಕು. ನನ್ನ ಪ್ರಕಾರ ಇದು ಪ್ರತಿ ಬಂದರಿಗೂ ಕಡ್ಡಾಯ ಷರತ್ತಾಗಬೇಕು.

ಕಲ್ಲು ಹಾಕಿ ತಡೆಗೋಡೆ ಕಟ್ಟಿದರೆ ಮುಗೀತಲ್ಲ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಮನೆಯ ಹಿಂಬಾಗಿಲಿಗೆ ಅಲೆ ಬಡಿಯುವಾಗ ಕಲ್ಲು ಹಾಕಿ ಎಂದು ಕೇಳುವವರನ್ನು ಯಾರೂ ತಪ್ಪು ಎನ್ನಲಾಗದು. ಕಲ್ಲು ಹಿಂದಿರುವ ಮನೆಯನ್ನು ಕೆಲವು ವರ್ಷ ಉಳಿಸುತ್ತದೆ. ಮುಂದಿರುವ ದಡವನ್ನು ಉಳಿಸುವುದಿಲ್ಲ.

ಹೇಗೆಂದು ನೋಡಿ. ಇಳಿಜಾರಾದ ಮರಳಿನ ಮೇಲೆ ಅಲೆ ಏರಿದಾಗ ಅದರ ಶಕ್ತಿ ಏರುತ್ತಾ ಏರುತ್ತಾ ಕರಗುತ್ತದೆ. ಕಲ್ಲಿನ ಗೋಡೆಗೆ ಬಡಿದರೆ ಹಾಗೆ ಕರಗುವುದಿಲ್ಲ. ತಿರುಗಿ ಬಿದ್ದು ಗೋಡೆಯ ಬುಡದ ಮರಳನ್ನೇ ತೋಡುತ್ತದೆ. ಬುಡದಲ್ಲಿ ಗುಂಡಿಯಾದಂತೆ ಮುಂದಿನ ಸಾಲಿನ ಕಲ್ಲುಗಳು ಒಂದೊಂದಾಗಿ ಅದಕ್ಕೆ ಜಾರುತ್ತವೆ. ನೀರು ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಗೋಡೆಯ ಹತ್ತಿರ ಬರುತ್ತದೆ. ಇತ್ತ ಗೋಡೆಯ ಹಿಂದೆ, ಕಲ್ಲುಗಳ ಸಂದಿನಿಂದ ಮಣ್ಣು ಸೋರಿ ಹೋಗುತ್ತಿರುತ್ತದೆ. ಮೇಲಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಹಿಂದಿನ ರಸ್ತೆಯಲ್ಲಿ ಬಿರುಕು ಕಾಣುತ್ತದೆ. ಮಾರನೇ ಮಳೆಗೆ ಡಾಂಬರಿನ ಅರ್ಧ ಕೆಳಗೆ ಕೂತಿರುತ್ತದೆ.

ಸರಿಯಾಗಿ ಕಟ್ಟಿದ ತಡೆಗೋಡೆಗೆ ಒಂದು ಕ್ರಮ ಇದೆ. ಕೆಳಗೆ ಮಣ್ಣು ಸೋರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಅಲೆ ಅಲುಗಿಸಲಾಗದಷ್ಟು ತೂಕದ ದೊಡ್ಡ ಬಂಡೆ, ಮುಂದೆ ಆಳಕ್ಕೆ ಇಳಿಸಿದ ಬುಡ. ಇದನ್ನು ಬೇಸಿಗೆಯಲ್ಲಿ, ಕಡಲು ಶಾಂತವಾಗಿರುವಾಗ ಕಟ್ಟಬೇಕು. ನಮ್ಮಲ್ಲಿ ಎಷ್ಟೋ ಕಡೆ ಆಗುವುದು ಬೇರೆ. ಜೂನ್–ಜುಲೈಯಲ್ಲಿ ತುರ್ತು ಕಾಮಗಾರಿ ಎಂದು ಬರೀ ಮರಳಿನ ಮೇಲೆ ಲಾರಿಯಿಂದ ಕಲ್ಲು ಸುರಿಯುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ಆ ಕಲ್ಲು ಮರಳಿನೊಳಗೆ ಇಳಿದಿರುತ್ತದೆ. ಮತ್ತೆ ಟೆಂಡರ್, ಮತ್ತೆ ಲಾರಿ. ಕಲ್ಲಿಗಾಗಿ ಇನ್ನೆಲ್ಲೋ ಒಂದು ಗುಡ್ಡ ಕರಗುತ್ತದೆ.

ಗೋಡೆ ಮುಗಿಯುವ ಜಾಗದಲ್ಲಿ ಇನ್ನೊಂದು ಕಷ್ಟ. ಆ ತುದಿಯ ಆಚೆ ಕೊರೆತ ಜೋರಾಗುತ್ತದೆ. ಹಾಗಾಗಿ ಪಕ್ಕದ ಮನೆಯವರು ತಮಗೂ ಕಲ್ಲು ಕೇಳುತ್ತಾರೆ, ಅವರ ಪಕ್ಕದವರೂ ಕೇಳುತ್ತಾರೆ.

ಗೋಡೆ ಬಂದಲ್ಲಿ ಮೀನುಗಾರರ ಅಂಗಳವೂ ಹೋಗುತ್ತದೆ. ಕೈರಂಪಣಿ ಬಲೆ ಎಳೆಯಲು ಮರಳಿನ ದಡ ಬೇಕು, ಬಂಡೆಗಳ ಮೇಲೆ ಬಲೆ ಎಳೆಯಲು ಆಗುವುದಿಲ್ಲ. ನಾಡದೋಣಿ ಏರಿಸಲು, ಬಲೆ ಹರವಲು, ಹೆಂಗಸರು ಮೀನು ಒಣಗಿಸಲು ದಡವೇ ಬೇಕು. ಕಡಲಾಮೆಗೆ ಮೊಟ್ಟೆ ಇಡಲೂ ಅದೇ ದಡ. ಮನೆ ಉಳಿದು ಕಸುಬು ಹೋದರೆ ಆ ಮನೆಯಲ್ಲಿ ಬದುಕುವುದು ಹೇಗೆ?

ಹಾಗಾದರೆ ಕಲ್ಲು ಎಲ್ಲೂ ಬೇಡವಾ?

ಕೆಲವು ಕಡೆ ಬೇಕೇ ಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ದಡದಿಂದ ಕಡಲಿಗೆ ಚಾಚಿದ ಕಲ್ಲಿನ ಸಾಲುಗಳನ್ನು, ಅಂದರೆ ಗ್ರಾಯಿನ್‌ಗಳನ್ನು ಅಲ್ಲಿ ಕಟ್ಟಿದ್ದಾರೆ, ಕೆಲವು ಟಿ ಆಕಾರದವು. ಇಂಥ ಕಡೆ ಖರ್ಚಿಗೆ ಅರ್ಥವಿದೆ. ಖಾಲಿ ಬಿದ್ದಿರುವ ದಡಕ್ಕೆ, ಯಾರದೋ ರೆಸಾರ್ಟಿನ ಹುಲ್ಲುಹಾಸಿಗೆ ಸಾರ್ವಜನಿಕ ಹಣದಲ್ಲಿ ಗೋಡೆ ಕಟ್ಟುವುದಕ್ಕೆ ಅರ್ಥವಿಲ್ಲ.

ಉಳ್ಳಾಲದಲ್ಲಿ ಕಡಲೊಳಗೆ ರೀಫ್ ಮಾಡಿದರಲ್ಲ, ಅದು ಏನು?

ಏಷ್ಯಾ ಅಭಿವೃದ್ಧಿ ಬ್ಯಾಂಕ್, ಅಂದರೆ ಎಡಿಬಿ, 2010ರಲ್ಲಿ ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ದಡ ರಕ್ಷಣೆಗೆ ಸಾಲ ಮಂಜೂರು ಮಾಡಿತು. ಅದರಲ್ಲಿ ಉಳ್ಳಾಲ ಮುಖ್ಯ ಜಾಗ. ಅಲ್ಲಿನ ಹಳೇ ಬ್ರೇಕ್‌ವಾಟರ್‌ಗಳನ್ನು ಸರಿಪಡಿಸಿದರು, ದಡದ ಹತ್ತಿರ ಬರ್ಮ್ ಎಂಬ ಕಲ್ಲಿನ ಚಾಚುಗಳನ್ನು ಕಟ್ಟಿದರು. ಕಡಲೊಳಗೆ ಎರಡು ರೀಫ್, ಅಂದರೆ ನೀರಡಿಯ ಕೃತಕ ದಿಬ್ಬ, ಮಾಡಿದರು. ಅಲೆ ದಡ ಮುಟ್ಟುವ ಮುಂಚೆಯೇ ರೀಫಿಗೆ ತಾಗಿ ಮುರಿಯಲಿ, ಹಿಂದಿನ ನಿಂತ ನೀರಿನಲ್ಲಿ ಮರಳು ಕೂರಲಿ ಎಂಬುದು ಉದ್ದೇಶ. ಎರಡನೇ ಹಂತಕ್ಕೆ ಕರ್ನಾಟಕಕ್ಕೇ 6.55 ಕೋಟಿ ಡಾಲರ್ ಸಾಲ ಬಂತು.

ಬರೀ ಗೋಡೆ ಕಟ್ಟುವುದಕ್ಕಿಂತ ಇದು ಖಂಡಿತ ಒಳ್ಳೆಯ ಯೋಚನೆ. ಪುದುಚೇರಿಯಲ್ಲೂ ಬಂದರಿನ ಬ್ರೇಕ್‌ವಾಟರಿನಿಂದ ಹೋಗಿದ್ದ ನಗರದ ದಡ, ನೀರೊಳಗಿನ ರೀಫ್ ಇಟ್ಟ ಮೇಲೆ ಸ್ವಲ್ಪ ಮಟ್ಟಿಗೆ ವಾಪಸ್ ಬಂದಿದೆ. ಆದರೆ ಉಳ್ಳಾಲದ ಕೆಲಸದ ನಂತರ ಮಳೆಗಾಲದ ಸುದ್ದಿಯಲ್ಲಿ ಇನ್ನೂ ದಕ್ಷಿಣದ ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿ ಹೆಸರುಗಳೇ ಜಾಸ್ತಿ ಕೇಳುತ್ತಿವೆ. ಒಂದು ಊರಿನ ದಡವನ್ನು ಮಾತ್ರ ಹಿಡಿದು ಸರಿಮಾಡಲು ಆಗುವುದಿಲ್ಲ. ಒಂದು ಅಳಿವೆಯಿಂದ ಇನ್ನೊಂದು ಅಳಿವೆಯವರೆಗೆ ಒಂದೇ ದಡ ಎಂದು ತಿಳಿದು ಯೋಜನೆ ಮಾಡಬೇಕು. ಜಿಲ್ಲೆಯ ಗಡಿ, ಕ್ಷೇತ್ರದ ಗಡಿ ಮರಳಿಗೆ ಗೊತ್ತಿಲ್ಲ.

ಹೊರಗಿಂದ ಮರಳು ತಂದು ದಡ ತುಂಬಿಸಬಹುದಾ?

ತುಂಬಿಸಬಹುದು. ನೆದರ್‌ಲೆಂಡ್ಸಿನವರು ಇದನ್ನು ಪ್ರತಿ ವರ್ಷ ಮಾಡುತ್ತಾರೆ. 2011ರಲ್ಲಿ ಹೇಗ್ ನಗರದ ಹತ್ತಿರ ಒಂದೇ ಕಡೆ 2.15 ಕೋಟಿ ಘನ ಮೀಟರ್ ಮರಳು ಸುರಿದು, ಅದನ್ನು ಅಲೆಗಳೇ ಪಕ್ಕದ ದಡಗಳಿಗೆ ಹಂಚಲಿ ಎಂದು ಬಿಟ್ಟರು. ನಮ್ಮ ಮುಂಗಾರಿನ ಕಡಲೇ ಬೇರೆ, ಹಾಗೇ ನಕಲು ಮಾಡಲು ಆಗದು. ಆದರೆ ಬಂದರುಗಳ ಹೂಳೆತ್ತುವಾಗ ಸಿಗುವ ಒಳ್ಳೆಯ ಮರಳನ್ನಾದರೂ ಬಳಸಬಹುದು. ಕಾಳಿನ ಗಾತ್ರ ಹೊಂದಬೇಕು ಅಷ್ಟೇ. ತೀರಾ ನುಣುಪಾದ ಕೆಸರು ಹಾಕಿದರೆ ಮೊದಲ ಮಳೆಗೇ ಹೋಗುತ್ತದೆ.

ಗಾಳಿಮರ, ಕಾಂಡ್ಲಾ ನೆಟ್ಟರೆ ಕೊರೆತ ನಿಲ್ಲುತ್ತದಾ?

ಯಾವ ಗಿಡ, ಎಲ್ಲಿ ಎಂಬುದರ ಮೇಲೆ ಹೋಗುತ್ತದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಬೆಳೆಯುವುದು ಅಳಿವೆಯ ಒಳಗಿನ ಕೆಸರಿನಲ್ಲಿ. ಅಘನಾಶಿನಿ, ಕಾಳಿ, ಕುಂದಾಪುರದ ಪಂಚಗಂಗಾವಳಿಯ ದಂಡೆಗಳಿಗೆ ಅದು ಬಹಳ ಒಳ್ಳೆಯ ರಕ್ಷಣೆ. ತೆರೆದ ಕಡಲಿನ ಮರಳಿನ ಮೇಲೆ ಕಾಂಡ್ಲಾ ನೆಡುವುದು ಸುಮ್ನೆ ಸಸಿ ಹಾಳು.

ತೆರೆದ ದಡದಲ್ಲಿ ಬೇಕಾದದ್ದು ಮರಳಿನ ದಿಬ್ಬ. ಅದನ್ನು ಹಿಡಿದಿಡುವುದು ನೆಲದ ಮೇಲೆ ಹಬ್ಬುವ ಗಿಡಗಳು. ಆಡಿನ ಗೊರಸಿನಂಥ ಎಲೆ, ನೇರಳೆ ಹೂವಿನ ಬಳ್ಳಿ ನೋಡಿರುತ್ತೀರಿ. ಅದು ಗಾಳಿಗೆ ಹಾರುವ ಮರಳನ್ನು ತಡೆದು ದಿಬ್ಬ ಕಟ್ಟುತ್ತದೆ. ಅದರ ಹಿಂದೆ ಕೇದಗೆ, ಸುರಹೊನ್ನೆ, ಹೊಂಗೆ. ಗಾಳಿಮರ ಗಾಳಿ ತಡೆಯುತ್ತದೆ, ಆದರೆ ಅಲೆ ಬುಡ ತೋಡಿದರೆ ಅಷ್ಟೇ ಬೇಗ ಬೀಳುತ್ತದೆ. ಬೀಚ್ ಚಂದ ಮಾಡುತ್ತೇವೆ ಎಂದು ಜೆಸಿಬಿ ತಂದು ಬಳ್ಳಿ ಕಿತ್ತು ದಿಬ್ಬ ಸಮತಟ್ಟು ಮಾಡುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಮುಂಗಾರಿಗೆ ದಡ ಕೂಡಿಟ್ಟ ಮರಳು ಅದು.

ದಡದ ಹತ್ತಿರ ಜಾಗ ಕೊಂಡು ಮನೆ ಕಟ್ಟಬಹುದಾ?

ಕೊಳ್ಳುವ ಮುಂಚೆ ಸರ್ವೆ ನಂಬರ್ ಹಿಡಿದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಿ. ಈ ನಿಯಮ ಮೊದಲು ಬಂದದ್ದು 1991ರಲ್ಲಿ, ಆಮೇಲೆ 2011 ಮತ್ತು 2019ರಲ್ಲಿ ಬದಲಾಯಿತು. ಕಡಲಿನ ಭರತದ ಗೆರೆಯಿಂದ (ಉಬ್ಬರದಲ್ಲಿ ನೀರು ಏರಿ ಬರುವ ಗೆರೆ) 500 ಮೀಟರ್‌ವರೆಗೆ ಇದು ಅನ್ವಯ. ಹಳ್ಳಿ ಪ್ರದೇಶದಲ್ಲಿ ಮೊದಲು 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧ ಇತ್ತು. 2019ರ ಅಧಿಸೂಚನೆ ಜನಸಂಖ್ಯೆ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರ್‌ಗೆ ಇಳಿಸಿತು. ದಟ್ಟ ಎಂದರೆ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ. ಮೀನುಗಾರರ ಮನೆಗಳಿಗೆ ಬೇರೆ ವಿನಾಯಿತಿಗಳಿವೆ.

ಕಾನೂನು ಬಿಟ್ಟಿತೆಂದು ಕಡಲು ಬಿಡುವುದಿಲ್ಲ. ಕೊರೆಯುತ್ತಿರುವ ದಡದಲ್ಲಿ 50 ಮೀಟರ್ ತುಂಬಾ ಕಮ್ಮಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ರೋಕರ್ ಮಾತು ಬಿಟ್ಟು ಪಕ್ಕದ ಮನೆಯ ಹಿರಿಯರನ್ನು ಕೇಳಿ: ಅಜ್ಜಿ, ನೀವು ಮದುವೆಯಾಗಿ ಬಂದಾಗ ಕಡಲು ಎಲ್ಲಿತ್ತು? ಅವರು ಕೈ ತೋರಿಸುವ ಜಾಗ ಈಗ ನೀರೊಳಗೆ ಇದ್ದರೆ ಅಡ್ವಾನ್ಸ್ ಕೊಡಬೇಡಿ.

ಮನೆ ಕಡಲುಪಾಲಾದರೆ ಪರಿಹಾರ ಸಿಗುತ್ತದಾ?

ಮನೆಗೆ ಸಿಗುತ್ತದೆ, ಆದರೆ ಸಲೀಸಾಗಿ ಅಲ್ಲ. ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಚಂಡಮಾರುತ, ನೆರೆ, ಸುನಾಮಿ ಇವೆ, ಕಡಲ್ಕೊರೆತ ಇಲ್ಲ. ಚಂಡಮಾರುತಕ್ಕೋ ಮಳೆಗೋ ಬಿದ್ದ ಮನೆ ಎಂದು ದಾಖಲಾದರೆ ದಾರಿ ಸುಲಭ. ನಿಧಾನವಾಗಿ ಕೊರೆದು ಹೋದರೆ ತಕರಾರು ಬರುತ್ತದೆ. ಕೇರಳ ಸರ್ಕಾರ ಕಡಲ್ಕೊರೆತವನ್ನು ರಾಜ್ಯದ ಮಟ್ಟದ ವಿಪತ್ತು ಎಂದು ಘೋಷಿಸಿಕೊಂಡಿದೆ. 15ನೇ ಹಣಕಾಸು ಆಯೋಗ 2021–26ಕ್ಕೆ ಕೊರೆತ ತಡೆಯಲು 1500 ಕೋಟಿ, ಮನೆ ಕಳೆದುಕೊಂಡವರ ಪುನರ್ವಸತಿಗೆ 1000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು, ಇಡೀ ದೇಶಕ್ಕೆ, ನದಿ ಕೊರೆತವೂ ಸೇರಿ.

ಜಾಗದ್ದು ಇನ್ನೂ ಕಷ್ಟ. ನೆಲ ನೀರೊಳಗೆ ಹೋದ ಮೇಲೂ ಪಹಣಿಯಲ್ಲಿ ಅದು ಹಾಗೇ ಇರುತ್ತದೆ. ಕಾಗದದಲ್ಲಿ ಜಾಗ ಇದ್ದವರಿಗೆ ಬೇರೆ ನಿವೇಶನ ಯಾಕೆ ಎಂಬ ಪ್ರಶ್ನೆ ಏಳುತ್ತದೆ.

ಹಾಗಾಗಿ ಈಗಲೇ ಮನೆ, ತೆಂಗಿನ ಮರ, ಬಾವಿ, ಅಂಗಳ ಎಲ್ಲದರ ಫೋಟೋ ತೆಗೆದಿಡಿ. ಪಹಣಿ, ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ ಪ್ರತಿಗಳನ್ನು ಕಡಲಿನಿಂದ ದೂರ ಇರುವ ನೆಂಟರ ಮನೆಯಲ್ಲೂ ಇಡಿ. ಹಾನಿಯಾದ ದಿನವೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ, ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಅಷ್ಟು ಅಪಾಯ ಇದ್ದರೆ ಅವರು ಬೇರೆ ಕಡೆ ಹೋಗಬಾರದಾ?

ಹೇಳುವುದು ಸುಲಭ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಕೈಯಲ್ಲಿ ಕಾಸಿಲ್ಲದ ಆ ಎರಡು ತಿಂಗಳಲ್ಲೇ ಕಡಲು ಮನೆಗೆ ನುಗ್ಗುವುದು. ಆ ಹೊತ್ತಿಗೆ ಅವರು ಬಾಡಿಗೆ ಮನೆ ಹುಡುಕಬೇಕು ಎನ್ನುತ್ತೇವೆ. ಮೀನುಗಾರರಿಗೆ ಕಡಲು ಕಣ್ಣಿಗೆ ಕಾಣಬೇಕು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿಯೇ ಮೀನಿನ ಗುಂಪು ಎಲ್ಲಿದೆ ಎಂದು ತಿಳಿಯುತ್ತಾರೆ. ದೋಣಿ, ಬಲೆ, ಎಂಜಿನ್ ಬಿಟ್ಟು ಹತ್ತು ಕಿಲೋಮೀಟರ್ ಒಳಗೆ ಫ್ಲಾಟಿನಲ್ಲಿ ಇರು ಎಂದರೆ ಕಸುಬು ಬಿಡು ಎಂದ ಹಾಗೆ.

ಒಡಿಶಾದ ಸಾತಭಾಯಾ ಊರಿನ 571 ಕುಟುಂಬಗಳನ್ನು ಬಾಗಪಾಟಿಯಾಕ್ಕೆ ಸ್ಥಳಾಂತರಿಸಿದರು. ಜೀವ ಉಳಿಯಿತು, ಆದರೆ ಅಲ್ಲಿ ಉಳುವ ಜಮೀನು ಸಿಗದೆ ಎಷ್ಟೋ ಜನ ಕೂಲಿಗೆ ಬೇರೆ ರಾಜ್ಯಗಳಿಗೆ ಹೋದರು. ಕೇರಳದ ಪುನರ್‌ಗೇಹಂ ಯೋಜನೆಯಲ್ಲಿ ಭರತದ ಗೆರೆಯಿಂದ 50 ಮೀಟರ್ ಒಳಗಿರುವ ಕುಟುಂಬಕ್ಕೆ ಜಾಗ ಮತ್ತು ಮನೆಗೆ 10 ಲಕ್ಷ ರೂಪಾಯಿ ಕೊಡುತ್ತಾರೆ. ಕರಾವಳಿಯ ಈಗಿನ ಜಾಗದ ದರಕ್ಕೆ ಅದು ಸಾಲದು ಎಂಬ ದೂರಿದೆ. ಸ್ಥಳಾಂತರ ಬೇಕಾದ ಕಡೆ ಅದೇ ಊರಿನಲ್ಲಿ, ದಡಕ್ಕೆ ನಡೆದು ಹೋಗುವಷ್ಟು ಹತ್ತಿರ, ಎತ್ತರದ ಜಾಗ ಹುಡುಕಬೇಕು. ದಡದಲ್ಲಿ ದೋಣಿ, ಬಲೆ ಇಡುವ ಜಾಗದ ಮೇಲಿನ ಹಕ್ಕು ಅವರಿಗೇ ಉಳಿಯಬೇಕು. ಮೀನುಗಾರರನ್ನು ಎಬ್ಬಿಸಿದ ದಡದಲ್ಲಿ ನಾಳೆ ರೆಸಾರ್ಟ್ ಏಳುವುದಾದರೆ ಅದಕ್ಕೆ ಸುರಕ್ಷತೆ ಎಂಬ ಹೆಸರು ಕೊಡಬಾರದು.

ಬಾವಿ ನೀರು ಉಪ್ಪಾಗುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ದಡ ಹಿಂದೆ ಸರಿದಷ್ಟೂ ಉಪ್ಪುನೀರು ಬಾವಿಗೆ ಹತ್ತಿರವಾಗುತ್ತದೆ. ಬೋರ್‌ವೆಲ್‌ನಿಂದ ಜಾಸ್ತಿ ಎತ್ತಿದರೆ ಇನ್ನೂ ಬೇಗ. ಚಾವಣಿಯ ಮಳೆನೀರನ್ನು ಬಾವಿಗೆ ಇಳಿಸುವುದು ಮನೆಮಟ್ಟದಲ್ಲಿ ಆಗುವ ಒಳ್ಳೆಯ ಕೆಲಸ. ಅಘನಾಶಿನಿಯ ಗಜನಿಗಳಲ್ಲಿ, ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆಗಳಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾ ಬಂದಿದ್ದಾರೆ. ಆ ಬೀಜವನ್ನೂ ಒಡ್ಡು ಕಾಯುವ ಕ್ರಮವನ್ನೂ ಉಳಿಸಿಕೊಳ್ಳಬೇಕು.

ಮುನ್ಸೂಚನೆ ಎಲ್ಲಿ ಸಿಗುತ್ತದೆ?

ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಅಲೆಯ ಎತ್ತರ ಮತ್ತು ಕಡಲುಬ್ಬರದ ಎಚ್ಚರಿಕೆ ಕೊಡುತ್ತದೆ. ಮಳೆ ಗಾಳಿ ಏನೂ ಇಲ್ಲದ ಬೇಸಿಗೆಯಲ್ಲೂ ದಕ್ಷಿಣದ ಮಹಾಸಾಗರದಿಂದ ಹೊರಟ ಅಲೆಗಳು ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗುವುದುಂಟು, ಅದಕ್ಕೂ ಎಚ್ಚರಿಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಭರತದ ಜೊತೆ ಬಿರುಗಾಳಿ ಸೇರಿದ ರಾತ್ರಿ ಮನೆಯಲ್ಲಿ ಮಲಗಬೇಡಿ. ಜಿಲ್ಲಾ ತುರ್ತು ಕೇಂದ್ರದ ನಂಬರ್ 1077.

ಊರಿನವರೇ ಮಾಡಬಹುದಾದದ್ದು ಏನಾದರೂ ಇದೆಯಾ?

ದಡ ಅಳೆಯಿರಿ. ಅಲುಗದ ಒಂದು ಗುರುತು ಹಿಡಿಯಿರಿ: ದೇವಸ್ಥಾನದ ಮೂಲೆ, ಶಾಲೆಯ ಕಂಪೌಂಡ್, ಮಸೀದಿಯ ಕಂಬ. ಅಲ್ಲಿಂದ ಗಿಡಬಳ್ಳಿ ಮುಗಿದು ಬರೀ ಮರಳು ಶುರುವಾಗುವ ಜಾಗಕ್ಕೆ ಟೇಪ್ ಹಿಡಿದು ದೂರ ಬರೆಯಿರಿ. ನೀರಿನ ಅಂಚು ಗಂಟೆಗಂಟೆಗೆ ಬದಲಾಗುತ್ತದೆ, ಅದನ್ನು ಅಳೆಯಬೇಡಿ. ಪ್ರತಿ ವರ್ಷ ಮೇ ಮತ್ತು ಅಕ್ಟೋಬರ್‌ನಲ್ಲಿ ಅದೇ ಜಾಗದಿಂದ, ಅದೇ ದಿಕ್ಕಿಗೆ ಒಂದು ಫೋಟೋ ತೆಗೆಯಿರಿ. ಶಾಲೆಯ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಪುಸ್ತಕ ಪಂಚಾಯಿತಿಯಲ್ಲಿ ಇರಲಿ.

ಬಂದರು, ಜೆಟ್ಟಿಯಂಥ ದೊಡ್ಡ ಯೋಜನೆ ಬಂದಾಗ ಈ ಪುಸ್ತಕಕ್ಕೆ ಬೆಲೆ ಬರುತ್ತದೆ. ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಇದ್ದರೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಗೆ ಅಳತೆಯ ಪುಸ್ತಕ ತೆಗೆದುಕೊಂಡು ಹೋಗಿ. ತಡೆದ ಮರಳನ್ನು ಯಾರು, ಯಾವ ಹಣದಲ್ಲಿ, ಎಷ್ಟು ವರ್ಷ ಆಚೆ ದಾಟಿಸುತ್ತಾರೆ ಎಂದು ಕೇಳಿ. ಉತ್ತರ ನಡಾವಳಿಯಲ್ಲಿ ದಾಖಲಾಗುವವರೆಗೆ ಕೂರಬೇಡಿ.